ನೀರುಗಂಟಿ ಪಿಳ್ಳಪ್ಪ ಹೇಳಿದ ಆಳ

ನಾನು ನಿಂತಿದ್ದದ್ದು ನಮ್ಮೂರ ಕೆರೆಯ ಮೇಲಂಚಿನಲ್ಲಿ, ಜಾಲಿಮರಗಳ ಸಾಲು ಮುಗಿದು ಕೆಸರು ಶುರುವಾಗುವ ಕಡೆ, ಅರ್ಧ ಹೂತುಹೋದ ವೀರಗಲ್ಲಿನ ಎಡಕ್ಕೆ. ನನ್ನ ಕಾಲಿನಿಂದ ನೀರಿಗೆ ನಾಲ್ಕು ಹೆಜ್ಜೆ. ತೊಂಬತ್ತೊಂದನೇ ಇಸವಿಯ ಡಿಸೆಂಬರ್, ಭಾನುವಾರ, ಬೆಳಿಗ್ಗೆ ಎಂಟೂಕಾಲು ದಾಟಿತ್ತು. ನೀರಿನ ಮೇಲಿನ ಮಂಜು ಎದ್ದುಹೋಗಿತ್ತು. ಎದುರಿಗೆ, ಸುಮಾರು ಅರ್ಧ ಮೈಲಿ ದೂರದಲ್ಲಿ, ಏರಿಗೆ ಹತ್ತಿದಂತೆ ತೂಬಿನ ಎರಡು ಕಲ್ಲುಕಂಬಗಳು ಕಾಣುತ್ತಿದ್ದವು. ನನ್ನ ಬಲಗಡೆ ನಿಂತಿದ್ದ ನೀರುಗಂಟಿ ಪಿಳ್ಳಪ್ಪನವರು ಅಂಗೈಯನ್ನು ಹುಬ್ಬಿಗೆ ಅಡ್ಡ ಹಿಡಿದು ಆ ಕಂಬಗಳನ್ನು ನೋಡಿದರು. ಎರಡು ಉಸಿರು ತೆಗೆಯುವಷ್ಟು ಹೊತ್ತು ನೋಡಿರಬಹುದು. ಆಮೇಲೆ ಹೇಳಿದರು:

"ಮೊಣಕಾಲುದ್ದ."

ನಮ್ಮೂರಲ್ಲಿ ಈಗ ಅವರನ್ನು ನೆನೆಯುವವರೆಲ್ಲ ಈ ಒಂದು ಮಾತಿನಿಂದಲೇ ನೆನೆಯುತ್ತಾರೆ. ಅದಕ್ಕಾಗಿ ಅವರು ಯಾರು, ಎಂಥವರು ಎಂಬುದನ್ನು ಮೊದಲು ಬರೆಯಬೇಕು.

ಸೂಲಿಬೆಲೆಯಿಂದ ಮೂರು ಮೈಲಿಯ ಊರು ನಮ್ಮದು. ಕೆರೆಯ ತೂಬನ್ನು ತೆಗೆದು ಮುಚ್ಚುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವುದು, ಮಳೆಗಾಲದಲ್ಲಿ ಏರಿಯನ್ನು ಕಾಯುವುದು ನೀರುಗಂಟಿಯ ಕೆಲಸ. ಪಿಳ್ಳಪ್ಪನವರ ತಾತ, ಅಪ್ಪ ಇದನ್ನೇ ಮಾಡಿದ್ದರು. ಒಣಕಲು ಮೈ, ಉದ್ದ ಕಾಲು. ಕಾಲ್ಬೆರಳುಗಳು ಬಾತಿನ ಪಾದದಂತೆ ಅಗಲಕ್ಕೆ ಹರಡಿದ್ದವು. ಹಿಮ್ಮಡಿ ಬೇಸಿಗೆಯ ಕೆರೆ ಅಂಗಳದಂತೆ ಬಿರಿದಿತ್ತು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಚನಿಕೆ. ಆ ಗುದ್ದಲಿಯಂಥ ಚನಿಕೆಯನ್ನು ಅವರು ಊರುಗೋಲಿನಂತೆ ಹಿಡಿದು ನಡೆಯುತ್ತಿದ್ದರು. ನಕ್ಕರೆ ಮುಂದಿನ ಎರಡು ಹಲ್ಲು ಇಲ್ಲದ ಸಂದಿನಿಂದ ಗಾಳಿ ಸೀಟಿ ಹೊಡೆಯುತ್ತಿತ್ತು.

ಅವರು ಬದುಕಿದ್ದಾಗ ನಾನು ಅವರನ್ನು "ಪಿಳ್ಳಪ್ಪಾ, ಬಾ" ಎಂದೇ ಕರೆದವನು. ನನಗಿಂತ ಮೂವತ್ತು ವರ್ಷ ದೊಡ್ಡವರು. ಅವರದು ಊರಾಚೆಯ ಕಾಲೋನಿ, ನಮ್ಮದು ಊರೊಳಗಿನ ಮನೆ, ರೂಢಿ ಹಾಗಿತ್ತು. ಇಲ್ಲಿ ಬಹುವಚನದಲ್ಲಿ ಬರೆಯುತ್ತಿದ್ದೇನೆ. ಅದರಿಂದ ಅವರಿಗೆ ಈಗ ಆಗಬೇಕಾದ್ದೇನೂ ಇಲ್ಲ.

ಅಡಿ, ಅಂಗುಲ ಅವರಿಗೆ ತಿಳಿಯದು. ನೀರಿನ ಆಳವನ್ನು ಅವರು ಮನುಷ್ಯನ ಮೈಯಿಂದಲೇ ಅಳೆಯುತ್ತಿದ್ದರು: ಹಿಮ್ಮಡಿ, ಮೊಣಕಾಲು, ಸೊಂಟ, ಎದೆ, ಕತ್ತು, ಆಳು, ಎರಡಾಳು. ತೂಬಿನ ಕಂಬಗಳ ನಡುವೆ ಮೂರು ಅಡ್ಡಗಲ್ಲುಗಳಿದ್ದವು. ಯಾವ ಅಡ್ಡಗಲ್ಲು ನೀರಿನಿಂದ ಎಷ್ಟು ಮೇಲಿದೆ ಎಂದು ನೋಡಿದರೆ ಸಾಕು, ಕೆರೆಯ ಯಾವ ಮೂಲೆಯಲ್ಲಿ ಎಷ್ಟು ನೀರಿದೆ ಎಂದು ಹೇಳುತ್ತಿದ್ದರು. ನಡುವಿನ ಅಡ್ಡಗಲ್ಲು ನೀರಿನಿಂದ ಒಂದು ಗೇಣು ಮೇಲೆ ಕಂಡರೆ, ವೀರಗಲ್ಲಿನಿಂದ ಒಳಕ್ಕೆ ಐವತ್ತು ಹೆಜ್ಜೆಯವರೆಗೆ ಮೊಣಕಾಲುದ್ದ. ಅವರಪ್ಪ ಅವರನ್ನು ಕೆರೆ ಒಣಗಿದ ವರ್ಷಗಳಲ್ಲಿ ಅಂಗಳದ ತುಂಬ ನಡೆಸಿ, ಪ್ರತಿಯೊಂದು ತಗ್ಗು ದಿಬ್ಬವನ್ನೂ ಕಾಲಿಗೆ ಕಲಿಸಿದ್ದರಂತೆ.

"ನಿಮ್ಗೆ ಅಕ್ಸರ ಎಂಗೋ ನಂಗೆ ಕೆರೆ ಅಂಗೆ ಕಣಪ್ಪ," ಎನ್ನುತ್ತಿದ್ದರು. "ಕಣ್ಣು ಮುಚ್ಕೊಂಡ್ರೂ ಓದ್ಬೌದು."

ನಾನು ಊರಿನ ಹಾಲಿನ ಸಂಘದ ಕಾರ್ಯದರ್ಶಿ. ಎಂಬತ್ತೇಳರಲ್ಲಿ ಆ ಕೆಲಸಕ್ಕೆ ಸೇರುವಷ್ಟರಲ್ಲಿ ಊರ ಸುತ್ತ ಕೊಳವೆಬಾವಿಗಳು ಬಂದಿದ್ದವು. ಗದ್ದೆ ಇದ್ದ ಕಡೆ ದ್ರಾಕ್ಷಿ ಚಪ್ಪರ ಎದ್ದಿತ್ತು. ತೂಬಿನ ನೀರನ್ನು ಕೇಳುವವರೇ ಇರಲಿಲ್ಲ. ಆದರೂ ಪಿಳ್ಳಪ್ಪನವರು ದಿನಾ ಬೆಳಿಗ್ಗೆ ಏರಿ ಸುತ್ತಿ, ನಾನು ಹಾಲು ಅಳೆಯುವ ಕಿಟಕಿಯ ಹೊರಗೆ ಬಂದು ನಿಂತು ವರದಿ ಒಪ್ಪಿಸುತ್ತಿದ್ದರು.

"ಸೆಕ್ರೆಟ್ರಪ್ಪ, ವೀರಗಲ್ತಾವ ಹಿಮ್ಮಡಿ. ತೂಬ್ತಾವ ಎರಡಾಳು. ಕೋಡಿ ಕಡೆ ಬಾತು ಇಳ್ದವೆ."

"ನನಗ್ಯಾಕೆ ಹೇಳ್ತೀಯ ಪಿಳ್ಳಪ್ಪ?"

"ಇನ್ನ್ಯಾರ್ಗೇಳ್ಲಿ? ನೀರ್ನ ಕೇಳೋರೇ ಇಲ್ಲ. ನೀನು ಹಾಲ್ನಾದ್ರೂ ಅಳೀತೀಯಲ್ಲ. ಅಳ್ಯೋರ ಕಷ್ಟ ಅಳ್ಯೋರ್ಗೇ ಗೊತ್ತು."

ಚಳಿಗಾಲದ ಭಾನುವಾರಗಳ ತಿರುಗಾಟ ಶುರುವಾದದ್ದು ಹೀಗೆ. ಏಳೂವರೆಗೆ ಹಾಲಿನ ಕ್ಯಾನುಗಳು ಲಾರಿ ಹತ್ತಿದರೆ ಸಂಜೆಯವರೆಗೆ ನನಗೆ ಬಿಡುವು. ನನ್ನ ತಮ್ಮ ಆಂಜಿ ಹೊಸಕೋಟೆ ಕಡೆಯ ಒಂದು ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದ; ಶನಿವಾರ ರಾತ್ರಿ ಬರುತ್ತಿದ್ದ. ಸೂಲಿಬೆಲೆಯಲ್ಲಿ ದರ್ಜಿ ಅಂಗಡಿ ಇಟ್ಟಿದ್ದ ಬಷೀರ್ ಅವನ ಸ್ನೇಹಿತ, ಆಮೇಲೆ ನನಗೂ ಸ್ನೇಹಿತ. ಅವನು ಸೈಕಲ್ ಹ್ಯಾಂಡಲ್ಲಿಗೆ ಬನ್ನಿನ ಪೊಟ್ಟಣ ಸಿಕ್ಕಿಸಿಕೊಂಡು ಬರುತ್ತಿದ್ದ. ಮುಂದೆ ಪಿಳ್ಳಪ್ಪನವರು, ಹಿಂದೆ ನಾವು ಮೂವರು. ನಾಲ್ಕು ಚಳಿಗಾಲ ನಾವು ಹೀಗೆ ಕೆರೆ ಸುತ್ತಿದೆವು.

ಅದರಲ್ಲಿ ದೊಡ್ಡದೇನೂ ಇರಲಿಲ್ಲ. ಹೊಲಗಳಲ್ಲಿ ಅವರೆ ಕಾಯಿ ಬಿಟ್ಟಿರುತ್ತಿತ್ತು. ಇಬ್ಬನಿ ಬಿದ್ದ ಕಾಯಿಯನ್ನು ಮುಟ್ಟಿದರೆ ಬೆರಳಿಗೆ ಅಂಟುವ ಸೊಗಡಿನ ವಾಸನೆ ಮಧ್ಯಾಹ್ನ ಊಟಕ್ಕೆ ಕೂತಾಗಲೂ ಇರುತ್ತಿತ್ತು. ಪಿಳ್ಳಪ್ಪನವರು ಹೊಲದವನನ್ನು ಕೂಗಿ ಕೇಳಿ ಒಂದು ಮಡಿಲು ಕಾಯಿ ಕಿತ್ತು, ಜಾಲಿಯ ಒಣಪುಳ್ಳೆ ಹಚ್ಚಿ, ಸಿಪ್ಪೆ ಸಮೇತ ಸುಡುತ್ತಿದ್ದರು. ಮುತ್ತುಗದೆಲೆಯ ಮೇಲೆ ಸುರಿದರೆ ನಾಲ್ವರೂ ಒಂದೇ ಎಲೆಯಿಂದ ಬಿಡಿಸಿ ತಿನ್ನುತ್ತಿದ್ದೆವು. ನಮ್ಮ ಮನೆಗೆ ಬಂದರೆ ಪಿಳ್ಳಪ್ಪನವರು ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ಕೂತು, ಅವರೇ ತಂದ ಲೋಟ ಮುಂದಿಡುತ್ತಿದ್ದರು. ಅವ್ವ ಮೇಲಿನಿಂದ ಕಾಫಿ ಹೊಯ್ಯುತ್ತಿದ್ದಳು. ಒಂದೇ ಎಲೆ ಕೆರೆ ಅಂಗಳದಲ್ಲಿ ಮಾತ್ರ.

ನೀರು ಹಿಂದೆ ಸರಿದ ಜಾಗದಲ್ಲಿ ಕೆಸರು ಒಣಗಿ, ಅಂಚು ಮೇಲಕ್ಕೆ ಸುರುಳಿಕೊಂಡು ಬಿಲ್ಲೆ ಬಿಲ್ಲೆಯಾಗಿ ಏಳುತ್ತಿತ್ತು. ಪಿಳ್ಳಪ್ಪನವರು ಅದನ್ನು ಕೆರೆ ಹಪ್ಪಳ ಎನ್ನುತ್ತಿದ್ದರು. ಒಂದನ್ನು ಮುರಿದು, ದಪ್ಪ ನೋಡಿ, "ಇಲ್ಲಿಂದ ನೀರು ಓಗಿ ಒಂಬತ್ತು ದಿನ" ಎನ್ನುತ್ತಿದ್ದರು. ಏಡಿಗಳು ಬಿಲದ ಬಾಯಿಗೆ ಕಟ್ಟಿದ ಮಣ್ಣಿನ ಗೋಪುರದ ಎತ್ತರ ನೋಡಿ ಕೆಳಗೆ ತೇವ ಎಷ್ಟು ದೂರ ಎಂದು ಹೇಳುತ್ತಿದ್ದರು. ಈಚಲುಮರಕ್ಕೆ ತೂಗಿದ ಗೀಜಗನ ಖಾಲಿ ಗೂಡಿನೊಳಗೆ ಕೈ ಹಾಕಿಸಿ, ಒಳಗೋಡೆಗೆ ಮೆತ್ತಿದ ಹಸಿಮಣ್ಣಿನ ಉಂಡೆಯನ್ನು ಮುಟ್ಟಿಸುತ್ತಿದ್ದರು.

ಅಂಗಳದಲ್ಲಿ ಸಿಕ್ಕ ಯಾವುದೇ ವಸ್ತುವಿಗೆ ಅವರದೊಂದು ನಿಯಮವಿತ್ತು. ಅದನ್ನು ಕೆರೆಯ ನೀರಿನಲ್ಲೇ ತೊಳೆದು, ಎರಡೂ ಕೈಯಲ್ಲಿ ಎತ್ತಿ ನೀರಿಗೆ ತೋರಿಸಬೇಕು. "ಕಳ್ಕೊಂಡೋರು ಯಾರೋ, ಇಟ್ಕೊಂಡಿದ್ದು ಇವ್ಳು. ಕೇಳ್ದೆ ತಗಂಡ್ರೆ ಕಳ್ತನ." ಆಂಜಿಗೆ ಒಂದು ಸಲ ತೂತಿರುವ ಸುಟ್ಟಮಣ್ಣಿನ ಗುಂಡು ಸಿಕ್ಕಿತು.

"ಗುರು, ಇದು ರಾಜರ ಕಾಲದ ಮಣಿ! ಮ್ಯೂಸಿಯಂಗೆ ಕೊಟ್ರೆ ಪೇಪರಲ್ಲಿ ಫೋಟೋ ಹಾಕ್ತಾರೆ."

ಪಿಳ್ಳಪ್ಪನವರು ಅದನ್ನು ತಿರುಗಿಸಿ ನೋಡಿದರು. "ಮೀನಿನ ಬಲೆ ಗುಂಡು ಕಣಲಾ. ಬಲೆ ಮುಳುಗ್ಲಿ ಅಂತ ಕಟ್ತಾರೆ. ರಾಜ ಮೀನ್ ಇಡ್ಯಾಕ್ ಬಂದಿದ್ನಾ?"

ಬಷೀರನಿಗೆ ಹಿತ್ತಾಳೆ ಗುಂಡಿಯೊಂದು ಸಿಕ್ಕಿತು. ಅವನು ಬೆರಳಿನಿಂದ ಉಜ್ಜಿ, ದಾರ ಹಾಕುವ ಕಿವಿಯನ್ನು ನೋಡಿ, "ಇದು ಪೊಲೀಸ್ ಕೋಟಿಂದು, ಹಳೇದು" ಎಂದ.

"ಪೊಲೀಸ್ನೋರು ಕೆರೇಗ್ ಬಿದ್ದಿದ್ರೆ ಬರೀ ಗುಂಡಿ ಯಾಕ್ ಸಿಗುತ್ತೋ?" ಎಂದ ಆಂಜಿ.

"ಅರೇ, ಹೊಟ್ಟೆ ಉಬ್ಬಿ ಗುಂಡಿ ಹಾರ್ಬಿಟ್ಟಿರುತ್ತೆ ಭಾಯ್. ಅವರ ಬಟ್ಟೆ ಹೊಲಿಯೋನು ನಾನು, ನಂಗ್ ಗೊತ್ತಿಲ್ವಾ?"

ಪಿಳ್ಳಪ್ಪನವರ ಹಲ್ಲಿನ ಸಂದಿನಿಂದ ಸೀಟಿ ಹೊರಟಿತು. ಅವರು ಚನಿಕೆಯನ್ನು ಊರಿಕೊಂಡು, ಬಗ್ಗಿ, ಕೆಮ್ಮು ಬರುವವರೆಗೆ ನಕ್ಕರು.

ಅವರಿಗೇ ಸಿಕ್ಕಿದ ದೊಡ್ಡ ವಸ್ತುವೆಂದರೆ ಒಂದು ಉಂಗುರ. ಎಂಬತ್ತೆಂಟರ ಚಳಿಗಾಲದಲ್ಲಿ ಸತ್ತು ದಡಕ್ಕೆ ಬಂದಿದ್ದ ಒಂದು ಬಾತಿನ ಕಾಲಿನಲ್ಲಿ ಇತ್ತಂತೆ. ತೆಳು ಲೋಹ, ಮೇಲೆ ಸಣ್ಣ ಇಂಗ್ಲಿಷ್ ಅಕ್ಷರ, ಅಂಕಿ. ಹಕ್ಕಿಗಳು ಎಲ್ಲಿಂದ ಎಲ್ಲಿಗೆ ಹಾರುತ್ತವೆ ಎಂದು ತಿಳಿಯಲು ಹಾಗೆ ಹಾಕುತ್ತಾರೆ ಎಂದು ನಾನು ಓದಿದ್ದನ್ನು ಹೇಳಿದೆ. ಅವರಿಗೆ ಅದು ಬಹಳ ಹಿಡಿಸಿತು. ಅದನ್ನು ಉಡಿದಾರಕ್ಕೆ ಕಟ್ಟಿಕೊಂಡರು.

"ಅದ್ಯಾವ ದೇಸ್ದೋರೋ, ಬಾತಿಗೆ ಕಾಲುಂಗ್ರ ಇಟ್ಟು ನಮ್ ಕೆರೇಗೆ ಕಳ್ಸವ್ರೆ. ಅಷ್ಟ್ ದೂರ್ದಿಂದ ಬಂದು ಇದರ ನೀರ್ ಕುಡೀತೈತೆ. ನಮ್ಮೂರೋರು ನೋಡು, ಬೋರ್ ನೀರು."

ಆಂಜಿಗೆ ಆ ಉಂಗುರದ ಮೇಲೆ ಕಣ್ಣು. ಲೇತಿನಲ್ಲಿ ಕೆಲಸ ಮಾಡುವವನು. ಅಷ್ಟು ತೆಳುವಾದ ಲೋಹದ ಮೇಲೆ ಅಷ್ಟು ಸಣ್ಣ ಅಕ್ಷರ ಹೇಗೆ ಕೊರೆದರು ಎಂದು ಪ್ರತಿ ಸಲವೂ ಕೇಳಿ ಇಸಿದುಕೊಂಡು ನೋಡುತ್ತಿದ್ದ. "ಕೊಡು ಪಿಳ್ಳಪ್ಪ, ನಂಗಿರ್ಲಿ." "ನಿಂಗೆ ಬೇಕಾದ್ರೆ ನಿಂದ್ ನೀನ್ ಉಡುಕ್ಕೋ." ಅದೊಂದು ಆಟವೇ ಆಗಿತ್ತು.

ಇನ್ನು ಮಣ್ಣಿನ ವಿಷಯ. ತೊಂಬತ್ತರ ಬೇಸಿಗೆಯಲ್ಲಿ ಇಟ್ಟಿಗೆ ಗೂಡಿನ ಗುತ್ತಿಗೆದಾರನೊಬ್ಬ ಕೆರೆಯ ಮೂಡಣ ಮೂಲೆಯಲ್ಲಿ ಜೇಡಿ ಎತ್ತಲು ಟ್ರಾಕ್ಟರು ತಂದ. ಪಿಳ್ಳಪ್ಪನವರು ಟ್ರಾಕ್ಟರಿನ ಮುಂದೆ ಚನಿಕೆ ನೆಟ್ಟು ನಿಂತರು. ಗುತ್ತಿಗೆದಾರನ ಕಡೆಯವನು, "ಏನೋ, ಇದು ನಿಮ್ಮಪ್ಪನ ಕೆರೇನಾ?" ಎಂದ.

"ಊಂ ಕಣಪ್ಪ, ನಮ್ಮಪ್ಪಂದೇ," ಎಂದರಂತೆ ಪಿಳ್ಳಪ್ಪನವರು. "ಮಣ್ಣು ತಗೀಬೇಕಾದ್ರೆ ಸಮನಾಗ್ ತಗೀರಿ. ಇಲ್ಲಾಂದ್ರೆ ನಂಗೆ ತೋರ್ಸಿ ತಗೀರಿ. ತೋರಿಸ್ದೆ ತಗುದ್ರೆ ನನ್ ಲೆಕ್ಕ ಕೆಡ್ತೈತೆ. ಯಾರಾನ ಸಾಯ್ತಾರೆ."

ಅವರನ್ನು ಪಕ್ಕಕ್ಕೆ ತಳ್ಳಿ ಮಣ್ಣು ಎತ್ತಿದರು. ಆದರೆ ಆ ಗುಂಡಿ ಅವರ ಕಣ್ಣೆದುರಿಗೇ ಆದದ್ದು. ಮಾರನೇ ದಿನ ಅದರೊಳಕ್ಕೆ ಇಳಿದು, ಸುತ್ತಲೂ ಹೆಜ್ಜೆ ಹಾಕಿ ಕಲಿತುಕೊಂಡರು. ಅಲ್ಲಿ ನೀರು ನಿಂತಾಗ ನಮ್ಮನ್ನು ದೂರದಿಂದಲೇ ಸುತ್ತಿಸುತ್ತಿದ್ದರು.

ತೊಂಬತ್ತೊಂದರಲ್ಲಿ ಮುಂಗಾರು ಸರಿಯಾಗಿ ಆಗಲಿಲ್ಲ. ಗೌರಿ ಹಬ್ಬದ ಹೊತ್ತಿಗೂ ಕೆರೆ ಬಹುಪಾಲು ಒಣಗೇ ಇತ್ತು. ನಂದಗುಡಿ ಕಡೆ ಕೊಟ್ಟಿದ್ದ ಮಗಳ ಗಂಡ ಕಾಲು ಮುರಿದುಕೊಂಡನೆಂದು ಪಿಳ್ಳಪ್ಪನವರು ಅವರ ಹೊಲ, ದನ ನೋಡಿಕೊಳ್ಳಲು ಹೋದರು. ಒಂದೂವರೆ ತಿಂಗಳು ಅಲ್ಲೇ ಇದ್ದರು. ಆ ಸಮಯದಲ್ಲಿ ಟ್ರಾಕ್ಟರುಗಳು ಮತ್ತೆ ಬಂದವು. ಈ ಸಲ ಮೂಲೆಗಲ್ಲ, ವೀರಗಲ್ಲಿನ ಮುಂದಿನ ಅಂಗಳಕ್ಕೆ. ಹನ್ನೊಂದು ದಿನ. ಬೆಳಿಗ್ಗೆ ಆರಕ್ಕೆ ಹಾಲಿನ ಸಂಘದ ಮುಂದೆಯೇ ಹಾದುಹೋಗುತ್ತಿದ್ದವು. ರಸ್ತೆಗೆ ಉದುರಿದ ಜೇಡಿಯಲ್ಲಿ ಜನ ಜಾರುತ್ತಾರೆಂದು ನಾನೇ ಎರಡು ಸಲ ಗುಡಿಸಿದ್ದೇನೆ. ಹಾಲು ತರುತ್ತಿದ್ದ ಗೌರಮ್ಮ ನನ್ನ ಪಕ್ಕ ನಿಂತು, "ನೋಡು ಸೆಕ್ರೆಟ್ರಿ, ಹಿಂಗೇ ಬಿಟ್ರೆ ಇವ್ರು ಕೆರೇನೇ ಹೊತ್ಕೊಂಡ್ ಹೋಗ್ಬಿಡ್ತಾರೆ" ಎಂದಳು. ನಾನು ನಕ್ಕೆ. ಮಣ್ಣು ತುಂಬುವ ಕೂಲಿಗೆ ಹೋದವರು ಕಾಲೋನಿಯವರೇ ಕೆಲವರು. ಅವರೂ ಆಮೇಲೆ ಬಾಯಿ ಬಿಡಲಿಲ್ಲ.

ದಸರಾ ಕಳೆದ ಮೇಲೆ ನಾಲ್ಕು ದಿನ ಬಿಡದೆ ಮಳೆ ಹೊಡೆಯಿತು. ಕೆರೆಗೆ ನೀರು ಬಂತು. ಆ ನೀರಿನ ಸುದ್ದಿ ಕೇಳಿಯೇ ಪಿಳ್ಳಪ್ಪನವರು ಮಗಳ ಮನೆಯಿಂದ ನಡೆದು ಬಂದರು. ಮಾರನೇ ಬೆಳಿಗ್ಗೆ ಕಿಟಕಿಯ ಹೊರಗೆ ನಿಂತಿದ್ದರು, ಮುಖದ ತುಂಬ ನಗು. "ನಡು ಅಡ್ಡಗಲ್ಲು ಮುಳುಗೈತೆ ಸೆಕ್ರೆಟ್ರಪ್ಪ! ವೀರಗಲ್ತಾವ ಸೊಂಟ!"

ನಾನು ಆಗ ಹೇಳಬೇಕಾಗಿತ್ತು. ಮರೆತೆ ಎಂದರೆ ಸುಳ್ಳಾಗುತ್ತದೆ. ಟ್ರಾಕ್ಟರು ನೆನಪಿಗೆ ಬಂತು. ಹೇಳಿದರೆ ಮುದುಕ ಮತ್ತೆ ಗುತ್ತಿಗೆದಾರನ ಹತ್ತಿರ ಜಗಳಕ್ಕೆ ಹೋಗಿ ಮತ್ತೆ ತಳ್ಳಿಸಿಕೊಳ್ಳುತ್ತಾನೆ, ಸಂತೋಷವಾಗಿದ್ದಾನೆ, ಇರಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಆಮೇಲೆ ಎರಡು ತಿಂಗಳು ಹೋಯಿತು.

ಆ ಭಾನುವಾರ ಬಂತು. ಅವರೆಕಾಯಿ ಸುಟ್ಟು ತಿಂದಾಗಿತ್ತು. ಆಂಜಿಯ ತುಟಿಯ ಅಂಚಿನಲ್ಲಿ ಮಸಿ ಇತ್ತು. ನೀರಿನ ಮೇಲೆ, ದಡದಿಂದ ಮೂವತ್ತು ಹೆಜ್ಜೆ ಇರಬಹುದು, ಒಂದು ಬಾತು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಅದರ ಕಾಲಿನ ಹತ್ತಿರ ಬಿಸಿಲಿಗೆ ಏನೋ ಹೊಳೆಯಿತು. ಮೊದಲು ಕಂಡದ್ದು ಆಂಜಿಗೆ.

"ಉಂಗ್ರ! ಪಿಳ್ಳಪ್ಪ, ಅಲ್ನೋಡು, ಉಂಗ್ರ ಐತೆ. ಇವತ್ತು ನಂದು ಅದು. ಎಷ್ಟೈತೆ ನೀರು?"

ಪಿಳ್ಳಪ್ಪನವರು ತೂಬಿನ ಕಡೆ ನೋಡಿದರು. ನಡುವಿನ ಅಡ್ಡಗಲ್ಲು ನೀರಿನಿಂದ ಒಂದು ಗೇಣು ಮೇಲಿತ್ತು. ನಾನೂ ನೋಡಿದೆ, ಒಂದು ಗೇಣು ಸರಿಯಾಗಿತ್ತು.

"ಮೊಣಕಾಲುದ್ದ. ಓಗ್ಬುಟ್ ಬಾ."

ಆಂಜಿ ಪ್ಯಾಂಟು ಮಡಿಚಿದ. ಬಷೀರ್, "ಲೇ, ಪ್ಯಾಂಟು ಕೆಸರು ಮಾಡ್ಕೋಬೇಡ, ನಾನು ಹೊಲ್ದಿದ್ದು" ಎಂದ. ಆಂಜಿ ಹಿಂದೆ ತಿರುಗಿ ನಕ್ಕ. ನಾನು ಬಾಯಿ ತೆರೆಯಲಿಲ್ಲ. ಆ ಹೊತ್ತಿನಲ್ಲಿ ಟ್ರಾಕ್ಟರು ನನ್ನ ತಲೆಯಲ್ಲಿ ಇರಲೇ ಇಲ್ಲ. ಇದು ನಿಜ, ಇದನ್ನು ಎಷ್ಟು ಸಲ ಕೇಳಿಕೊಂಡರೂ ನಿಜ. ನೀರು ಅವನ ಮೊಣಕಾಲಿನವರೆಗೆ ಬಂತು, ಅಷ್ಟೇ ಉಳಿಯಿತು. ಇಪ್ಪತ್ತು ಹೆಜ್ಜೆಯವರೆಗೂ ಮೊಣಕಾಲುದ್ದವೇ. ಇಪ್ಪತ್ತೊಂದೋ ಇಪ್ಪತ್ತೆರಡೋ ಹೆಜ್ಜೆಗೆ ಅವನು ಇರಲಿಲ್ಲ. ಕೂಗಲಿಲ್ಲ. ಕೈ ಒಂದು ಸಲ ಮೇಲೆ ಬಂತು.

ನನಗೂ ಬಷೀರನಿಗೂ ಈಜು ಬಾರದು. ಪಿಳ್ಳಪ್ಪನವರು ಕಂಬಳಿ, ಚನಿಕೆ ಎಸೆದು ಓಡಿದರು. ಆಗ ಅವರಿಗೆ ಅರವತ್ತು ದಾಟಿತ್ತು. ಮುಳುಗಿದರು, ಎದ್ದು ಉಸಿರು ತೆಗೆದರು, ಮುಳುಗಿದರು. ಮೂರನೇ ಸಲ ಎದ್ದಾಗ ಅವರ ಕೈಯಲ್ಲಿ ಆಂಜಿಯ ಕೂದಲಿತ್ತು. ನಾವು ಮೊಣಕಾಲುದ್ದ ನೀರಿನ ಕೊನೆಯವರೆಗೆ ಹೋಗಿ ಎಳೆದುಕೊಂಡೆವು. ಹೊಟ್ಟೆ ಒತ್ತಿದೆವು, ಬೆನ್ನು ತಟ್ಟಿದೆವು. ಗಾಡಿ ಸಿಕ್ಕಿ ಸೂಲಿಬೆಲೆಯ ಡಾಕ್ಟರ ಬಳಿ ಹೋಗುವಷ್ಟರಲ್ಲಿ ಒಂಬತ್ತೂಮುಕ್ಕಾಲು. ಅವರು ಕೈ ಹಿಡಿದು ನೋಡಿ ಬಿಟ್ಟರು. ಇಪ್ಪತ್ತನಾಲ್ಕು ವರ್ಷದ ಹುಡುಗ. ಮಸಿ ತುಟಿಯ ಮೇಲೆ ಇನ್ನೂ ಇತ್ತು.

ಅಂದು ಸಂಜೆ ಠಾಣೆಯವರು ಬರೆದುಕೊಂಡರು. ಕೇಳಿದ್ದು ಮೂರು ಪ್ರಶ್ನೆ.

"ನೀರಿಗೆ ಯಾಕೆ ಇಳ್ದ?"

"ಸತ್ತ ಬಾತು ತರೋಕೆ."

"ಆಳ ಎಷ್ಟು ಅಂತ ಯಾರು ಹೇಳಿದ್ರು?"

"ನೀರುಗಂಟಿ ಪಿಳ್ಳಪ್ಪ. ಮೊಣಕಾಲುದ್ದ, ಓಗ್ಬುಟ್ ಬಾ ಅಂದ."

"ಬೇರೆ ಏನಾದ್ರೂ ಹೇಳೋದಿದ್ಯಾ?"

"ಇಲ್ಲ."

ಹೇಳಿದ ಮಾತಿನಲ್ಲಿ ಒಂದಕ್ಷರ ಹೆಚ್ಚುಕಡಿಮೆ ಇರಲಿಲ್ಲ. ಕೆಳಗೆ ಸಹಿ ಹಾಕಿದೆ. ಪಿಳ್ಳಪ್ಪನವರನ್ನು ಎರಡು ದಿನ ಕೂರಿಸಿಕೊಂಡು ಬಿಟ್ಟರು. ಊರವರು ಅರಳಿಕಟ್ಟೆಯ ಮೇಲೆ ಸೇರಿ, ಇನ್ನು ನೀರುಗಂಟಿ ಕೆಲಸ ಅವನಿಗೆ ಬೇಡ ಎಂದರು. ಬೇರೆ ಯಾರಿಗೂ ಕೊಡಲಿಲ್ಲ. ಕೊಡಲು ಕೆಲಸವಿರಲಿಲ್ಲ, ಕಿತ್ತುಕೊಳ್ಳಲು ಮಾತ್ರ ಇತ್ತು.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಅವರು ನಮ್ಮ ಮನೆಗೆ ಬಂದರು. ಮೆಟ್ಟಿಲ ಮೇಲೂ ಕೂರಲಿಲ್ಲ, ಅಂಗಳದಲ್ಲಿ ನಿಂತರು. ಅವ್ವ ಬಾಗಿಲ ಚೌಕಟ್ಟಿಗೆ ಒರಗಿ ಕೂತಿದ್ದಳು. ಅವರು ಅವಳ ಕಡೆ ನೋಡಲಾರದೆ ನನ್ನನ್ನು ನೋಡಿ ಕೇಳಿದರು:

"ಸೆಕ್ರೆಟ್ರಪ್ಪ, ಒಂದ್ ಮಾತು. ಮುಳುಗ್ದಾಗ ಗ್ವಾಡೆ ಅಂಗ್ ಕಾಲಿಗ್ ಸಿಕ್ತು. ಕಡುದ್ ಮಣ್ಣಂಗೆ. ನಾನ್ ಮಗಳ ಮನೇಗ್ ಓಗಿದ್ದಾಗ ಅಲ್ಲಿ ಯಾರಾನ ಮಣ್ಣೆತ್ತಿದ್ರಾ? ಯಾರ್ನ ಕೇಳುದ್ರೂ ಇಲ್ಲ ಅಂತಾರೆ. ನಿನ್ ಡೈರಿ ಮುಂದ್ಲೇ ಅಲ್ವಾ ದಾರಿ? ನೀನೇಳುದ್ರೆ ನಂಬ್ತೀನಿ."

ಅವ್ವ ತಲೆ ಎತ್ತಿ ನನ್ನನ್ನು ನೋಡಿದಳು. ಹೌದು ಎಂದರೆ, ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಅವಳಿಂದ ಬರುತ್ತಿತ್ತು.

"ನಾನು ನೋಡ್ಲಿಲ್ಲ ಪಿಳ್ಳಪ್ಪ," ಎಂದೆ.

"ಅಂಗಾರೆ ನಾನೇ ಮರ್ತಿದೀನಿ," ಎಂದರು. "ಹಳೇ ಗುಂಡಿ ಇರ್ಬೇಕು. ನಮ್ಮಪ್ಪ ತೋರ್ಸಿರ್ತಾನೆ. ತಲೇಲ್ ನಿಂತಿಲ್ಲ." ಅವ್ವನ ಕಡೆ ತಿರುಗಿ ನೆಲಕ್ಕೆ ಹಣೆ ಮುಟ್ಟಿಸಿದರು. ಅವ್ವ ಎದ್ದು ಒಳಗೆ ಹೋದಳು.

ಅವರು ಮತ್ತೆ ಕೆರೆಯ ಕಡೆ ಹೋಗಲಿಲ್ಲ. ನನ್ನ ಕಿಟಕಿಗೂ ಬರಲಿಲ್ಲ. ಅರ್ಧ ಮೈಲಿಯಿಂದ ಆಳ ಹೇಳುತ್ತಿದ್ದವರು, ಮಳೆ ಬಂದ ಮಾರನೇ ದಿನ ಬೀದಿಯ ಮಧ್ಯೆ ನಿಂತ ನೀರಿಗೆ ಕೋಲು ಚುಚ್ಚಿ, ತೆಗೆದು, ಒದ್ದೆಯಾದ ಭಾಗಕ್ಕೆ ಬೆರಳು ಹಿಡಿದು ನೋಡಿ, ಆಮೇಲೆ ದಾಟುತ್ತಿದ್ದರು. ಅಂಗೈಯಷ್ಟು ನೀರು. ಪಡ್ಡೆ ಹುಡುಗರು, "ತಾತೋ, ಎಷ್ಟಾಳು?" ಎಂದು ಕೂಗುತ್ತಿದ್ದರು. ಅವರು ತಿರುಗಿ ಬೈಯುತ್ತಿರಲಿಲ್ಲ. "ಗೊತ್ತಿಲ್ಲ ಕಣ್ರಪ್ಪ," ಎನ್ನುತ್ತಿದ್ದರು.

ಆ ಗುಂಡಿಯ ವಿಷಯ ಸೇರಿಸಬೇಕೆಂದು ನಾನು ಒಮ್ಮೆ ಠಾಣೆಯವರೆಗೆ ಹೋದದ್ದುಂಟು. ಮೂರು ತಿಂಗಳಾಗಿತ್ತು. ಬಾಗಿಲಲ್ಲಿದ್ದವನು ಏನು ವಿಷಯ ಎಂದ. ಆಕಸ್ಮಿಕ ಸಾವು ಎಂದು ಕಾಗದ ಮುಗಿದಿದೆ, ಇನ್ನೇನು ಬೇಕು ಎಂದ. ಏನೂ ಬೇಡ ಎಂದು ಬಂದೆ. ಅವನು ತಡೆದನೆಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೆ. ಅವನು ತಡೆಯಲಿಲ್ಲ. ಕೇಳಿದ, ಅಷ್ಟೇ.

ತೊಂಬತ್ತೈದರಲ್ಲಿ ಅವ್ವ ತೀರಿಕೊಂಡಳು. ಅಲ್ಲಿಂದ ಮುಂದೆ ಹೇಳದಿರಲು ಯಾವ ಕಾರಣವೂ ಉಳಿಯಲಿಲ್ಲ. ಆದರೂ ಎರಡು ವರ್ಷ ಹೋಯಿತು.

ತೊಂಬತ್ತೇಳರ ಜನವರಿಯಲ್ಲಿ, ಸಂಕ್ರಾಂತಿ ಕ್ಯಾಲೆಂಡರಿನಲ್ಲಿ ಇನ್ನೂ ಆರು ದಿನ ಮುಂದಿತ್ತು, ಪಿಳ್ಳಪ್ಪನವರು ಮಲಗಿಬಿಟ್ಟಿದ್ದಾರೆಂದು ಕೇಳಿ ಕಾಲೋನಿಗೆ ಹೋದೆ. ಅವರ ಮನೆಯೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ನಂದಗುಡಿಯ ಮಗಳು ಬಂದಿದ್ದಳು. "ಅಪ್ಪಾ, ಡೈರಿ ಸೆಕ್ರೆಟ್ರಿ ಬಂದವ್ರೆ" ಎಂದು ಹೇಳಿ ನೀರು ಹಿಡಿಯಲು ಹೋದಳು. ಅವರು ನಿಧಾನವಾಗಿ ಹೊರಳಿದರು. ಮೈಯಲ್ಲಿ ಏನೂ ಉಳಿದಿರಲಿಲ್ಲ. ಕಣ್ಣು ಮಾತ್ರ ಮೊದಲಿನದೇ.

"ಸೆಕ್ರೆಟ್ರಪ್ಪ," ಎಂದರು, "ಇಲ್ಲೇ ಮಲ್ಕಂಡು ದಿನಾ ನಡೀತೀನಿ. ನಮ್ಮಪ್ಪನ ಇಂದೆ. ವೀರಗಲ್ಲಿಂದ ಇಡ್ದು ಐವತ್ ಎಜ್ಜೆ. ಒಂದೊಂದೇ ಎಜ್ಜೆ ಇಡ್ತೀನಿ. ಎಲ್ಲಾ ಸಮ ಐತೆ. ಎಲ್ಲೂ ತಗ್ಗಿಲ್ಲ. ಆ ಗುಂಡಿ ಸಿಗ್ತಾನೇ ಇಲ್ಲ ಕಣಪ್ಪ. ಐದ್ ವರ್ಸ ಆಯ್ತು ಉಡುಕ್ತಾ ಇವ್ನಿ. ಎಲ್ಲಿ ಮರ್ತೆ ನಾನು?"

ನನ್ನ ಕೈ ಅವರ ಕೈಯ ಮೇಲಿತ್ತು. ಒಂದೇ ವಾಕ್ಯ ಸಾಕಿತ್ತು.

"ಸುಧಾರಿಸ್ಕೋ ಪಿಳ್ಳಪ್ಪ," ಎಂದೆ. "ಭಾನುವಾರ ಬರ್ತೀನಿ. ಕೂತು ಮಾತಾಡೋಣ."

"ಬಾ," ಎಂದರು. "ನೀನ್ ಅಳ್ಯೋನು. ನಿಂಗಾದ್ರೂ ಒಳೀಬೌದು."

ಭಾನುವಾರಕ್ಕೆ ಎರಡು ದಿನ ಮೊದಲು, ಶುಕ್ರವಾರ ಬೆಳಿಗ್ಗೆ, ನಾನು ಹಾಲು ಅಳೆಯುತ್ತಿದ್ದಾಗ ಕಾಲೋನಿಯ ಕಡೆಯಿಂದ ತಮಟೆಯ ಸದ್ದು ಬಂತು.

ಇನ್ನು, ಕಂಡವರಲ್ಲಿ ಉಳಿದವರು ಯಾರು ಎಂದು ಬರೆದಿಡುತ್ತೇನೆ. ಅವತ್ತು ಕೆರೆಯ ಅಂಚಿನಲ್ಲಿ ನಾಲ್ವರಿದ್ದೆವು. ಅವರಲ್ಲಿ ಇಬ್ಬರಿಲ್ಲ. ಬಷೀರ್ ಸೂಲಿಬೆಲೆಯಲ್ಲಿದ್ದಾನೆ, ಈಗ ಅಂಗಡಿಯಲ್ಲಿ ಮಗ ಹೊಲಿಯುತ್ತಾನೆ, ತಾನು ಕಾಜಾ ತೆಗೆದು ಗುಂಡಿ ಹೊಲಿಯುತ್ತಾನೆ. ಪಿಳ್ಳಪ್ಪನವರು ಮೂರು ಸಲ ಮುಳುಗಿದ್ದನ್ನು ಬಷೀರ್ ನೋಡಿದ್ದಾನೆ. ಟ್ರಾಕ್ಟರುಗಳನ್ನು ಅವನು ನೋಡಿಲ್ಲ. ಅವನ್ನು ಹನ್ನೊಂದು ದಿನವೂ ನೋಡಿದವಳು ಗೌರಮ್ಮ. ಇದ್ದಾಳೆ. ಇಂದಿಗೂ ಒಂದು ಹಸು ಕಟ್ಟಿದ್ದಾಳೆ. ಕಿವಿ, ನೆನಪು ಎರಡೂ ಚೆನ್ನಾಗಿವೆ. ಕೇಳಿದರೆ ಹೇಳುತ್ತಾಳೆ. ಇಷ್ಟು ವರ್ಷದಲ್ಲಿ ಅವಳನ್ನು ಯಾರೂ ಕೇಳಲಿಲ್ಲ. ಆ ಹನ್ನೊಂದು ದಿನ ಅವಳ ಪಕ್ಕದಲ್ಲಿ ನಿಂತಿದ್ದವನು ನಾನು.